‘ಐ ಹ್ಯಾವ್ ಕಮ್’ ಅಂದರೆ ತೆರೆಯುವ ಗೇಟು

ತಿಪಟೂರಿನ ನಮ್ಮ ಸೋದರಮಾವನ ಮನೆಯೊಳಗೆ ಹೋಗುವುದಕ್ಕಿಂತ ವಿಧಾನಸೌಧದೊಳಗೆ ಹೋಗುವುದು ಸುಲಭ! ಅಲ್ಲಿ ಪಾಸು ತೋರಿಸಿದರೆ ಸಾಕು. ಇಲ್ಲಿ ಗೇಟಿನಾಚೆ ನಿಂತು “ಐ ಹ್ಯಾವ್ ಕಮ್” ಅನ್ನಬೇಕು. “ಬಂದಿದೀನಿ ಮಾವ” ಅಂದಿರೋ, ಚಿಲಕ ಅಲುಗಾಡದು.

ಇಂಗ್ಲಿಷ್ ಮೇಷ್ಟ್ರು ನಿವೃತ್ತರಾದರೆ ಎಲ್ಲರೂ ಹೀಗಾಗುತ್ತಾರೆಯೇ? ನಾನರಿಯೆ. ಗೋ, ವೆಂಟ್, ಗಾನ್. ಈಟ್, ಏಟ್, ಈಟನ್. ಈ ಮೂರನೆಯ ರೂಪವೇ ನಮ್ಮ ಮಾವನ ಕುಲದೇವರು. ದಾರಿಯಲ್ಲಿ ಸಿಕ್ಕವರಿಗೆಲ್ಲ “ಹ್ಯಾವ್ ಯೂ ಈಟನ್?” ಎನ್ನುತ್ತಾರೆ. “ಉಂಡೆ ಸಾರ್” ಅಂದವರಿಗೆ ಅಲ್ಲೇ ಪಾಠ! ತೋಟದಲ್ಲಿ ಬಿದ್ದದ್ದು ‘ಫಾಲನ್’ ಕಾಯಿ, ಒಡೆದದ್ದು ‘ಬ್ರೋಕನ್’ ಕಾಯಿ. ಒಮ್ಮೆ ಕೊಬ್ಬರಿ ವ್ಯಾಪಾರಿ ಬಂದು, “ಅಟ್ಟದ ಮೇಲಿರೋದು ಒಣಗೈತಾ ಮೇಷ್ಟ್ರೇ?” ಅಂದ.

“ಡ್ರೈಡ್ ಅನ್ನು, ಏಣಿ ಹಾಕ್ತೀನಿ.”

“ಬುಡಿ ಸ್ವಾಮಿ” ಎಂದವನೇ ಪಕ್ಕದ ಮನೆಯ ಅಟ್ಟ ಹತ್ತಿದ!

ಅತ್ತೆ ಮಾತ್ರ ಜಗ್ಗುವವರಲ್ಲ. ಮದುವೆಯಾದಂದಿನಿಂದ ಒಂದೇ ಒಂದು ಇಂಗ್ಲಿಷ್ ವಾಕ್ಯ ಆಡಿದವರಲ್ಲ. ಹಿತ್ತಲ ಬಾಗಿಲಿನಿಂದಲೇ ಅವರ ಓಡಾಟ. ಈ ಬೇಸಿಗೆಯಲ್ಲಿ ಮಾವ, ಹೆಂಡತಿಗೆ ಕಲಿಸಿಯೇ ತೀರುತ್ತೇನೆಂದು ಆ ಬಾಗಿಲಿಗೂ ಬೀಗ ಜಡಿದರು. ಅದೇ ದಿನ ಅತ್ತೆ ಅಮ್ಮಸಂದ್ರದಲ್ಲಿ ನಾಮಕರಣ ಮುಗಿಸಿಕೊಂಡು, ಎರಡೂ ಕೈಯಲ್ಲಿ ಚೀಲ ಹಿಡಿದು, ಉರಿಬಿಸಿಲಲ್ಲಿ ಗೇಟಿಗೆ ಬಂದು ನಿಂತರು.

“ರೀ, ಗೇಟ್ ತೆಗೀರಿ.”

“ಹೇಳು, ಐ ಹ್ಯಾವ್...”

“ಕೈ ಬಿದ್ದೋಗ್ತಾವೆ, ತೆಗೀರಿ!”

“ಒಂದೇ ವಾಕ್ಯ ಕಣೇ!”

ಅತ್ತೆ ಒಂದೇ ವಾಕ್ಯ ಆಡಿದರು, ಅಪ್ಪಟ ಕನ್ನಡದಲ್ಲಿ: “ನಿಮ್ಮ ಇಂಗ್ಲಿಷ್ ಕೈಲೇ ಮುದ್ದೆ ಮಾಡಿಸ್ಕೊಂಡು ಉಣ್ಣಿ!” ಹಾಗೇ ಹಿಂತಿರುಗಿ, ಬಸ್ಸು ಹತ್ತಿ, ತುರುವೇಕೆರೆಯ ಅಣ್ಣನ ಮನೆ ಸೇರಿದರು.

ಮೊದಮೊದಲು ಮಾವನಿಗೆ ಜಂಬ. ಆಮೇಲೆ ಮುದ್ದೆಯಲ್ಲಿ ಬರೀ ಗಂಟು. ಕೆಲವು ದಿನ ಬಿಟ್ಟು ನಾನು ಹೋದಾಗ ಗೇಟು ಪೂರ್ತಿ ತೆರೆದೇ ಇತ್ತು! “ಐ ಹ್ಯಾವ್ ಕಮ್” ಅಂದೆ. ಮಾವ ತಲೆಯೆತ್ತಲಿಲ್ಲ.

“ಅವಳು ಬರ್ತಾಳೇನೋ?” ಅಂದರು.

“ನೀವೇ ಹೋಗಿ ಕರೀರಿ ಮಾವ. ಆದ್ರೆ ಕನ್ನಡದಲ್ಲಿ!” ಅಂದೆ.

ಇಬ್ಬರೂ ತುರುವೇಕೆರೆಗೆ ಹೋದೆವು. ಮಾವ ಕದ ತಟ್ಟಿದರು.

“ಯಾರು?” ಒಳಗಿನಿಂದ ಅತ್ತೆಯ ದನಿ.

ಮಾವ ಗಂಟಲು ಸರಿಮಾಡಿಕೊಂಡರು. ಆ ಹಾಳು ‘ಹ್ಯಾವ್’ ಎಲ್ಲಿ ಬಂದುಬಿಡುತ್ತದೋ ಎಂದು ನನಗೆ ಪುಕುಪುಕು!

“ನಾನು ಬಂದಿದೀನಿ ಕಣೇ. ತಪ್ಪಾಯ್ತು. ಬಾಗಿಲು ತೆಗಿ.”

ಚಿಲಕ ಸರಿಯಿತು. ಅತ್ತೆ, ಮಾವನ ಇಳಿದುಹೋದ ಕೆನ್ನೆಯನ್ನೂ ಜೋತುಬಿದ್ದ ಅಂಗಿಯನ್ನೂ ನೋಡುತ್ತ ನಿಂತರು. ಆಮೇಲೆ, ಹುಟ್ಟಿದಾಗಿನಿಂದ ಮೊದಲ ಬಾರಿಗೆ, ಒಂದೊಂದೇ ಪದ ಜೋಡಿಸಿ ಕೇಳಿದರು:

“ಹ್ಯಾವ್... ಯೂ... ಈಟನ್?”

ಊರಿಗೆಲ್ಲ ಇದರ ಉತ್ತರ ಕಲಿಸಿದ ನಮ್ಮ ಮಾವ ಹೊಸಿಲಾಚೆ ನಿಂತು ಮಗುವಿನಂತೆ ಅತ್ತುಬಿಟ್ಟರು.

“ಇಲ್ಲ ಕಣೇ,” ಅಂದರು. “ನೀನು ಹೋದಾಗಿಂದ ಸರಿಯಾಗಿ ಉಂಡೇ ಇಲ್ಲ.”