ವಾಸಿಯಾದವರ ಸೂಜಿ

ನಮ್ಮ ನಗರಸಭೆಯ ವ್ಯಾಪ್ತಿಯಲ್ಲಿ ಕಳೆದ ಒಂದು ವರ್ಷದಿಂದ ಮನೆಯ ಸೂಜಿ ಯಾರಿಗೂ ಚುಚ್ಚಿಲ್ಲ. ಇದು ವಾರ್ಷಿಕ ವರದಿಯ ಮೊದಲ ಸಾಲು. ಬರೆದವನು ನಾನೇ, ಆರೋಗ್ಯ ಶಾಖೆಯ ಮೂರನೇ ಕೌಂಟರಿನ ಗುಮಾಸ್ತ. ಕಸದ ಗಾಡಿಯ ಹೆಂಗಸಿಗೆ ಎರಡು ಸಲ ಚುಚ್ಚಿದ್ದೇನೋ ನಿಜ. ಆದರೆ ಸೂಜಿ ಚುಚ್ಚಿದವರು ದೂರು ಕೊಡಬೇಕಾದ ನಾಲ್ಕನೇ ನಮೂನೆಯನ್ನು ಆಕೆ ತುಂಬಿ ಕೊಡಲಿಲ್ಲ. ಕೈಗೆ ಬ್ಯಾಂಡೇಜು ಕಟ್ಟಿದ್ದರಿಂದ ಪೆನ್ನು ಹಿಡಿಯಲು ಆಗಲಿಲ್ಲವಂತೆ. ಅದಕ್ಕೆ ನಗರಸಭೆ ಏನು ಮಾಡೀತು?

ಈ ಸಾಧನೆಗೆ ಕಾರಣ ಹಳದಿ ಡಬ್ಬಿ ಯೋಜನೆ. ಸಕ್ಕರೆ ಕಾಯಿಲೆಯವರು ದಿನಾ ಇನ್ಸುಲಿನ್ ಚುಚ್ಚಿಕೊಂಡ ಸೂಜಿಯನ್ನು ಕಸಕ್ಕೆ ಎಸೆಯದೆ ನಾವು ಪುಕ್ಕಟೆ ಕೊಡುವ ಡಬ್ಬಿಗೆ ಹಾಕಬೇಕು, ತುಂಬಿದ ಮೇಲೆ ತಂದೊಪ್ಪಿಸಿ ಹೊಸದನ್ನು ಒಯ್ಯಬೇಕು. ನಮ್ಮ ಜನ ಕೇಳಬೇಕೆ? ಡಬ್ಬಿ ಗಟ್ಟಿಯಾಗಿದೆ ಅಂತ ಕಾಯಿಲೆ ಇಲ್ಲದವರೂ ಒಯ್ದು ಉಪ್ಪು ತುಂಬಿಸಿಟ್ಟರು. ಆದ್ದರಿಂದ ಒಂಬತ್ತನೇ ನಿಯಮ ಬಂತು: "ಡಬ್ಬಿ ಒಪ್ಪಿಸುವ ದಿನ ಫಲಾನುಭವಿಯು ಖುದ್ದು ಹಾಜರಿದ್ದು, ಆ ವಾರದ ರಕ್ತಪರೀಕ್ಷೆಯ ಚೀಟಿಯ ಮೂಲಕ ತಾನು ರೋಗಿಯೆಂದು ರುಜುವಾತುಪಡಿಸತಕ್ಕದ್ದು."

ಒಂದು ಸೋಮವಾರ ಗಡಿಯಾರ ರಿಪೇರಿಯ ಯಜಮಾನರು ಹೆಂಡತಿಯ ಜೊತೆ ಬಂದರು. ಡಬ್ಬಿ ಕಂಠಮಟ್ಟ ತುಂಬಿತ್ತು. ಅಟ್ಟದಿಂದ ಬಿದ್ದು ಮುಚ್ಚಳ ಬಿರುಕು ಬಿಟ್ಟಿದ್ದರಿಂದ ಹಳೇ ಟವೆಲ್ಲು ಸುತ್ತಿದ್ದರು. ಚೀಟಿ ನೋಡಿದೆ.

"ಸಕ್ಕರೆ ಸರಿಯಾಗೇ ಇದೆಯಲ್ಲ!"

"ವಾಸಿಯಾಯ್ತು ಸ್ವಾಮಿ!" ಯಜಮಾನರು ಎದೆಯುಬ್ಬಿಸಿದರು. "ಎರಡು ವರ್ಷ ಸಿಹಿ ಮುಟ್ಟಿಲ್ಲ. ದಿನಾ ಐದು ಮೈಲಿ ನಡೀತೀನಿ. ಡಾಕ್ಟ್ರು ಚುಚ್ಚೋದೇ ಬೇಡ ಅಂದ್ರು."

"ಬಹಳ ಸಂತೋಷ. ಹಾಗಾದ್ರೆ ಡಬ್ಬಿ ವಾಪಸ್ ತಗೊಂಡು ಹೋಗಿ. ನೀವು ರೋಗಿಯಲ್ಲ."

"ಅಲ್ರೀ, ಚುಚ್ಚಿಕೊಂಡಾಗ ರೋಗಿಯಾಗಿದ್ದೆನಲ್ಲ!"

"ಆಗಲೇ ತರಬೇಕಿತ್ತು."

"ತುಂಬೋ ಹೊತ್ತಿಗೆ ವಾಸಿಯಾಗಿಬಿಡ್ತಲ್ರೀ!"

ಅವರ ಹೆಂಡತಿ ಮುಂದೆ ಬಂದರು. "ಅಣ್ಣಾ, ಬರೋ ಭಾನುವಾರ ಮಗಳು ಬರ್ತಾಳೆ. ಮೊಮ್ಮಗ ಈಗಷ್ಟೇ ಅಂಬೆಗಾಲಿಡ್ತಾನೆ, ಸಿಕ್ಕಿದ್ದನ್ನೆಲ್ಲ ಬಾಯಿಗಿಡ್ತಾನೆ. ನಿನ್ನೆ ಮಂಚದ ಕೆಳಗೆ ಒಂದು ಸೂಜಿ ಸಿಕ್ತು. ನನ್ನ ಜೀವ ಹೊಡ್ಕೋತಾ ಇದೆ. ಆಸ್ಪತ್ರೇಲಿ ಕೇಳಿದ್ರೆ ಮನೆ ಕಸ ನಮಗೆ ಬೇಡ ಅಂತಾರೆ. ಕಸದ ಗಾಡಿಯವಳು ಡಬ್ಬಿ ಕಂಡ್ರೆ ಗಾಡಿ ಬಿಟ್ಟು ಓಡ್ತಾಳೆ."

ಪಾಪ ಅನ್ನಿಸಿತು. ಆದರೆ ಪಾಪಕ್ಕೆ ನಮೂನೆ ಇಲ್ಲ. ಆರೋಗ್ಯಾಧಿಕಾರಿಗಳ ಹತ್ತಿರ ಕರೆದೊಯ್ದೆ. ಸಾಹೇಬರು ನಿಯಮಾವಳಿಯನ್ನು ಎರಡು ಸಲ ಓದಿದರು.

"ರೋಗ ವಾಸಿಯಾಗೋ ಸಂದರ್ಭವನ್ನು ನಗರಸಭೆ ನಿರೀಕ್ಷಿಸಿಯೇ ಇಲ್ಲವಲ್ಲ!"

"ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅನ್ನೋದು ಇದಕ್ಕೇ," ಎಂದು ಆಕೆ ಹಣೆ ಚಚ್ಚಿಕೊಂಡರು.

"ಕೊಡಲ್ಲ ಅಂತ ಯಾರಮ್ಮ ಹೇಳಿದ್ದು? ದಾರಿ ಇದೆ," ಎಂದು ಸಾಹೇಬರು ಕಡತ ತರಿಸಿ ಆದೇಶ ಬರೆಸಿದರು: "ಸದರಿ ಫಲಾನುಭವಿಯು ದಿನಾಂಕ ಎಂಟರಿಂದ ಹದಿಮೂರರವರೆಗೆ ತಾತ್ಕಾಲಿಕವಾಗಿ ರೋಗಿಯಾಗಲು ಅನುಮತಿ ನೀಡಿದೆ. ಇದಕ್ಕೆ ತಗಲುವ ಸಕ್ಕರೆಯನ್ನು ಸ್ವಂತ ಖರ್ಚಿನಲ್ಲಿ ಭರಿಸತಕ್ಕದ್ದು."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಅಂತ ಕೇಳಿದ್ದೆ. ನಗರಸಭೆಯೂ ಅದನ್ನೇ ಹೇಳಿದ್ದು ಇದೇ ಮೊದಲು. ಯಜಮಾನರ ಮುಖ ಊರಗಲ ಆಯಿತು. ಎರಡು ವರ್ಷ ಸಕ್ಕರೆ ಡಬ್ಬಕ್ಕೆ ಬೀಗ ಹಾಕಿದ್ದ ಹೆಂಡತಿ ಕಣ್ಣೊರೆಸಿಕೊಳ್ಳುತ್ತ ಬೀಗ ತೆಗೆದರು. ದಿನಕ್ಕೆ ಹನ್ನೆರಡು ಚಮಚ, ಜೊತೆಗೆ ಬಾಳೆಹಣ್ಣು. ನಡಿಗೆ ಬಂದ್. ಬುಧವಾರ ವಿಚಾರಿಸಲು ಹೋದಾಗ ಯಜಮಾನರು ಚಮಚ ನೆಕ್ಕುತ್ತ, "ಮೊಮ್ಮಗನಿಗೋಸ್ಕರ ಸ್ವಾಮಿ, ಇಲ್ದಿದ್ರೆ ನನಗೆಲ್ಲಿ ಸೇರುತ್ತೆ," ಎಂದರು.

ಶನಿವಾರ ಚೀಟಿಯಲ್ಲಿ ಮುನ್ನೂರ ಹದಿನೆಂಟು ಬಂತು. ಸಾಹೇಬರೇ ಎದ್ದು ಬಂದು ಕೈ ಕುಲುಕಿದರು. ಡಬ್ಬಿ ಸ್ವೀಕರಿಸಿ ಮೊಹರು ಒತ್ತಿದೆ. ಯಜಮಾನರಿಗೆ ತಲೆ ಸುತ್ತುತ್ತಿತ್ತು. ಡಾಕ್ಟರು ಅಂದಿನಿಂದಲೇ ಮತ್ತೆ ಇನ್ಸುಲಿನ್ ಬರೆದಿದ್ದರು. ರೋಗಿ ಅಂದ ಮೇಲೆ ಎರಡನೇ ನಿಯಮದ ಪ್ರಕಾರ ಹೊಸ ಡಬ್ಬಿ ಅವರ ಹಕ್ಕು. ಕೊಟ್ಟೆ.

ಆಕೆ ಖಾಲಿ ಡಬ್ಬಿಯನ್ನು ತಿರುಗಿಸಿ ನೋಡಿದರು. "ಅಣ್ಣಾ, ಇದು ತುಂಬೋ ಹೊತ್ತಿಗೆ?"

"ಮೊಮ್ಮಗ ಶಾಲೆಗೆ ಹೋಗ್ತಿರ್ತಾನೆ ಬಿಡಿ, ತಿಳಿವಳಿಕೆ ಬಂದಿರುತ್ತೆ. ಆದ್ರೆ ಇವರು ಮಾತ್ರ ಈ ಸಲ ವಾಸಿಯಾಗದ ಹಾಗೆ ನೋಡ್ಕೊಳ್ಳಿ."

"ನೋಡ್ಕೋತೀನಿ," ಎಂದು ಆಕೆ ಒಪ್ಪಿಕೊಂಡು ಗಂಡನ ಕೈ ಹಿಡಿದು ಮೆಟ್ಟಿಲಿಳಿಸಿದರು.

ಒಪ್ಪಿಸಿದ ಹಳೇ ಡಬ್ಬಿಗಳನ್ನು ಒಯ್ಯುವ ಗಾಡಿ ಬರುವುದು ನೂರು ಡಬ್ಬಿ ಸೇರಿದ ಮೇಲೆ. ಅಲ್ಲಿಯತನಕ ಅವೆಲ್ಲ ನನ್ನ ಮೇಜಿನ ಕೆಳಗೇ ಇರುತ್ತವೆ. ಮಂಗಳವಾರ ಚಪ್ಪಲಿ ಬಿಟ್ಟು ಕೂತಿದ್ದೆ. ಅಯ್ಯಯ್ಯೋ, ಅಂಗಾಲಿಗೆ ಚುರ್ರೆಂದಿತು. ಯಜಮಾನರ ಡಬ್ಬಿಯ ಬಿರುಕಿನಿಂದ ಸೂಜಿ ಉದುರಿತ್ತು. ನಾಲ್ಕನೇ ನಮೂನೆಯನ್ನು ನಾನೇ ತುಂಬಿ, ಕುಂಟುತ್ತ ಸಾಹೇಬರಿಗೆ ಕೊಟ್ಟೆ.

"ಚುಚ್ಚಿದ್ದು ಎಲ್ಲಿ?"

"ಕಚೇರಿಯಲ್ಲಿ ಸಾರ್."

"ಹಾಗಾದ್ರೆ ಅದು ಮನೆಯ ಸೂಜಿ ಹೇಗಾಗುತ್ತಯ್ಯಾ?"

ಹೌದಲ್ಲ ಅನ್ನಿಸಿತು. ನಮೂನೆ ಹರಿದು ಹಾಕಿದೆ. ಕಾಲಿಗೆ ಬಟ್ಟೆ ಸುತ್ತಿಕೊಂಡು ಈ ವರ್ಷದ ವರದಿಗೆ ಕೂತೆ. ಮೊದಲ ಸಾಲನ್ನು ಬದಲಾಯಿಸುವ ಅಗತ್ಯ ಬೀಳಲಿಲ್ಲ.