ಹಸಿರು ಬಳಿದ ಮಹಾಗನಿ ಮೇಜಿನ ಕುರಿತು ಮುಂಬಯಿ ಪಂಡಿತರಿಗೆ

ಕುಂದಗೋಳ,
ಶ್ರಾವಣ, ೧೯೮೪

ಮಾನ್ಯರೇ,

ಹಳೆಯ ಇಂಗ್ಲಿಷ್ ಪೀಠೋಪಕರಣಗಳಿಗೆ ಬೆಲೆ ಕಟ್ಟುವುದರಲ್ಲಿ ಮುಂಬಯಿಗೇ ಹೆಸರಾದ ತಮಗೆ, ಹೋದ ತಿಂಗಳು ತಾವು ಹತ್ತು ನಿಮಿಷವೂ ಕೂರದೆ ಎದ್ದುಹೋದ ಮನೆಯ ಯಜಮಾನ ಈರಬಸಪ್ಪನ ಸಾಷ್ಟಾಂಗ ವಂದನೆಗಳು. ತಾವು ಬಿಟ್ಟುಹೋದ ಚಹಾವನ್ನು ನಾನೇ ಕುಡಿದೆ, ಚೆನ್ನಾಗಿತ್ತು.

ನಮ್ಮ ಅಜ್ಜ ಯಾವುದೋ ದೊರೆಯ ಬಂಗಲೆಯ ಹರಾಜಿನಲ್ಲಿ ತಂದ ಊಟದ ಮೇಜು ಮತ್ತು ಎಂಟು ಕುರ್ಚಿಗಳು ನಮ್ಮ ಪಡಸಾಲೆಯನ್ನು ತುಂಬಿಕೊಂಡಿವೆ. ನಾವು ನೆಲದಲ್ಲಿ ಕೂತು ಉಣ್ಣುವವರು. ಮೂರು ತಲೆಮಾರಿನಿಂದ ಆ ಮೇಜಿನ ಸುತ್ತ ಗೋಡೆಗೆ ಬೆನ್ನು ಹಚ್ಚಿ ಉಣ್ಣುತ್ತಿದ್ದೇವೆ. ಅದರ ಮೂಲೆಯಿಂದ ಸೊಂಟಕ್ಕೆ ಪೆಟ್ಟು ತಿಂದು ತಿಂದು ಸಾಕಾದ ನನ್ನ ಹೆಂಡತಿ ನೀಲಕ್ಕ, "ಅದು ಹೊರಗ ಹೋದ ದಿನಾ ನಾ ಒಳಗ ಬರ್ತೀನ್ರಿ" ಎಂದು ತಂಬೂರು ಗ್ರಾಮದ ತವರಿಗೆ ಹೋಗಿ ಎರಡು ತಿಂಗಳಾಯಿತು. ಮೇಜನ್ನು ಮಾರಲೆಂದೇ ತಮ್ಮನ್ನು ಕರೆಸಿದ್ದು.

ಇಲ್ಲಿ ಎತ್ತನ್ನು ಸಂತೆಗೆ ಹೊಡೆಯುವ ಮುನ್ನ ಮೈ ತೊಳೆದು, ಕೋಡು ಹೆರೆದು, ಬಣ್ಣ ಹಚ್ಚುವುದು ರೂಢಿ. ಅದೇ ಮರ್ಯಾದೆಯನ್ನು ಮೇಜು, ಕುರ್ಚಿಗಳಿಗೂ ಮಾಡಿದೆವು. ಬಡಿಗ ಹೊಳೆಯಪ್ಪ ಮೂರು ದಿನ ಉಜ್ಜಿ ಇನ್ನೂರು ವರ್ಷದ ಕೊಳೆ ತೆಗೆದು, ಬಂಡಿಗೆಂದು ತಂದಿದ್ದ ಹಸಿರು ಬಣ್ಣವನ್ನು ಎರಡೆರಡು ಸಲ ಬಳಿದ. ಆ ಕೊಳೆಯೇ ಬೆಲೆಯೆಂದೂ, ಮಹಾಗನಿಗೆ ಮೆತ್ತನೆಯ ಬಟ್ಟೆ, ಜೇನುಮೇಣ ಬಿಟ್ಟು ಬೇರೇನೂ ಸೋಕಬಾರದೆಂದೂ ತಾವು ತಲೆಯ ಮೇಲೆ ಕೈ ಹೊತ್ತು ಉಪದೇಶಿಸಿದಿರಿ. ಅಂಥ ಜ್ಞಾನವನ್ನು ಒಂದು ಅಂಚೆ ಕಾರ್ಡಿನಲ್ಲಿ ಮೊದಲೇ ಕಳಿಸಿದ್ದರೆ ನೀಲಕ್ಕ ಈಗ ಮನೆಯಲ್ಲಿರುತ್ತಿದ್ದಳು.

ಒಂದು ಕುರ್ಚಿ ಮಾತ್ರ ಬಚಾವಾಯಿತು. ಅದರಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದ ನಮ್ಮವ್ವ ಗುರವ್ವ, "ನಾ ಏಳಂಗಿಲ್ಲಪಾ, ಬೇಕಾದ್ರ ನನ್ನೂ ಸೇರಿಸಿ ಬಳಿ" ಎಂದು ಹೊಳೆಯಪ್ಪನನ್ನು ಓಡಿಸಿದ್ದಳು. ಕುರ್ಚಿಯ ಬೆನ್ನಿಗೆ ಕೆತ್ತಿದ ಹೂದಾನಿಯನ್ನು ಕಲಶವೆಂದು ತಿಳಿದು ಆಕೆ ದಿನಾ ವಿಭೂತಿ ಹಚ್ಚುತ್ತಾಳೆ. ಅದರ ಮುಂದೆ ತಾವು ಮಂಡಿಯೂರಿದ್ದನ್ನು ಕಂಡವಳು ತಮ್ಮನ್ನು ದೊಡ್ಡ ಭಕ್ತರೆಂದೇ ನಂಬಿದ್ದಾಳೆ.

ಆದ್ದರಿಂದ ತಾವು ದಯಮಾಡಿ ಅಮಾವಾಸ್ಯೆಯೊಳಗೆ ಮೇಜಿಗೆ ಇನ್ನೂರು ವರ್ಷದ ಕೊಳೆಯನ್ನು ಮತ್ತೆ ಹಚ್ಚಿಸಿಕೊಡಬೇಕು. ಆಗದಿದ್ದರೆ ತಂಬೂರಿಗೆ ಹೋಗಿ, ತಾವು ಅಂದು ನನಗೆ ಹೇಳಿದಂತೆ ಅದು ನವಶಾಸ್ತ್ರೀಯ ಎಂಬ ಹಳೆಯ ಇಂಗ್ಲಿಷ್ ಶೈಲಿಯ ಮೂಲೆ, ಅದರ ಪೆಟ್ಟು ತಿನ್ನುವುದೂ ಪುಣ್ಯ ಎಂದು ನೀಲಕ್ಕನಿಗೆ ತಿಳಿಹೇಳಿ ಕರೆತರಬೇಕು. ಆಕೆಯಿಲ್ಲದ ಮನೆ ನನಗೆ ಸೇರುತ್ತಿಲ್ಲ.

ಹಸಿರು ಮೇಜಿನ ಮಗ್ಗುಲಿನಿಂದ,
ತಮ್ಮ ವಿಶ್ವಾಸಿ
ಈರಬಸಪ್ಪ

ತಾ.ಕ.: ಅವ್ವನ ಕುರ್ಚಿಯೊಂದನ್ನೇ ಕೊಳ್ಳುವುದಾಗಿ ತಾವು ಬರೆದ ಕಾಗದ ತಲುಪಿತು. ಮೇಜನ್ನೂ ಜೊತೆಗೆ ಹೊತ್ತೊಯ್ಯುವುದಾದರೆ ಅಗತ್ಯವಾಗಿ ಬನ್ನಿ, ಆದರೆ ಬೇಗ ಬನ್ನಿ. ಬರುವ ಸೋಮವಾರ ಅವ್ವ ಯಮನೂರಿಗೆ ಹೋಗುತ್ತಾಳೆ, ಕುರ್ಚಿ ದಿನವಿಡೀ ಖಾಲಿಯಿರುತ್ತದೆ, ಹೊಳೆಯಪ್ಪನ ಡಬ್ಬಿಯಲ್ಲಿ ಹಸಿರು ಬಣ್ಣ ಇನ್ನೂ ಉಳಿದಿದೆ.