ಹಾಯಿಹಡಗಿನಲ್ಲಿ ನಾನು ಪೂಜೆ ಕುಣಿದದ್ದು

ಸಮುದ್ರ ಅಂದರೆ ದೊಡ್ಡದೊಂದು ಕೆರೆ, ನೀರು ಸ್ವಲ್ಪ ಉಪ್ಪು, ಅಷ್ಟೇ ಎಂದು ನಾನು ನಂಬಿದ್ದೆ. ಕಾವೇರಿ ದಡದ ಬ್ಲಫಿನ ವಿದ್ಯುದಾಗಾರದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಆ ಹೊಳೆ ಬಂಡೆಯಿಂದ ಬಂಡೆಗೆ ಧುಮುಕುವುದನ್ನು ದಿನಾ ನೋಡಿದವನಿಗೆ, ದಡಕ್ಕೆ ಕಟ್ಟಿಹಾಕಿದ ಹಡಗು ಯಾವ ಲೆಕ್ಕ! ಹಾಗಾಗಿ ಕರಾವಳಿಯಿಂದ ಆ ಫೋನು ಬಂದಾಗ ಹಿಂದೆಮುಂದೆ ನೋಡಲಿಲ್ಲ. ಒಂದು ಕಾಲದಲ್ಲಿ ಹಂಚು ಸಾಗಿಸುತ್ತಿದ್ದ ಹಳೆಯ ಹಾಯಿಹಡಗನ್ನು ರಿಪೇರಿ ಮಾಡಿ, ಅದರ ಮೇಲೆಯೇ ಸಂಜೆ ಹೊತ್ತು ಸಾರ್ವಜನಿಕರಿಗೆ ಸಾಂಸ್ಕೃತಿಕ ಕಾರ್ಯಕ್ರಮ ನಡೆಸುತ್ತಾರಂತೆ. ನಿಮ್ಮ ಕಡೆಯ ಪೂಜಾ ಕುಣಿತ ಬೇಕು ಎಂದರು. ಮಳವಳ್ಳಿಯ ನಮ್ಮ ಕಲಾ ಸಂಘದ ಘನ ಅಧ್ಯಕ್ಷನಾದ ನಾನು, ಸಂಘವನ್ನು ಒಂದು ಮಾತೂ ಕೇಳದೆ ಒಪ್ಪಿಕೊಂಡೆ.

ಪೂಜೆ ಎಂದರೆ ಬಿದಿರಿನ ಚೌಕಟ್ಟಿಗೆ ಸೀರೆ ಉಡಿಸಿ, ನಡುವೆ ದೇವಿಯ ಹಿತ್ತಾಳೆ ಮುಖ ಕಟ್ಟಿದ, ಆಳಿಗಿಂತ ಎತ್ತರದ ಅಲಂಕಾರ. ಅದರ ಬುಡವನ್ನು ತಲೆಯ ಮೇಲಿನ ಬಟ್ಟೆಯ ಸಿಂಬಿಗೆ ಕೂರಿಸಿ, ಕೈ ಬಿಟ್ಟು ಕುಣಿಯಬೇಕು. ಕುಣಿಯುವಾಗ ಅಮ್ಮ ನೆಲ ಮುಟ್ಟುವಂತಿಲ್ಲ. ನಮ್ಮ ಸಂಘಕ್ಕೆ ಅಧ್ಯಕ್ಷನಿದ್ದ, ಪೂಜೆ ಇರಲಿಲ್ಲ. ನನ್ನ ಹೆಂಡತಿ ಜಯಮ್ಮನ ತವರೂರಿನಿಂದ ತರಬೇಕಾಯಿತು. ಅವಳ ಅಣ್ಣ ನನ್ನ ಮುಖ ನೋಡಿ ಆಗುವುದಿಲ್ಲ ಎಂದ. ತಂಗಿಯ ಮುಖ ನೋಡಿ ಕೊಟ್ಟ. ಬಸ್ಸು ಹತ್ತುವ ಮೊದಲೇ ಜಯಮ್ಮ ನನಗೆ ಸ್ಪಷ್ಟಪಡಿಸಿದಳು.

“ನೋಡಿ, ಅಮ್ಮ ನೆಲ ಮುಟ್ಟುದ್ರೆ ನಾನು ತವರಿನ ಕಡೆ ತಲೆ ಹಾಕಂಗಿಲ್ಲ. ಆಮೇಲೆ ಹಬ್ಬ ಹುಣ್ಮೆ ಎಲ್ಲಾ ನಿಮ್ಮ ಮೊಕಾನೇ ನೋಡ್ಕಂಡು ಮಾಡ್ಬೇಕು.”

ಅದು ಆಗಬಾರದೆಂದು ಅವಳ ಜೊತೆ ನಾನೂ ಬೇಡಿಕೊಂಡೆ.

ಹಡಗಿನ ಮೇಲೆ ಹಗ್ಗಗಳ ಜಾಲವೇ ಇದೆ, ಎತ್ತರ ಕಡಿಮೆ ಇರಲಿ ಎಂದು ವ್ಯವಸ್ಥಾಪಕರು ಮೊದಲೇ ಎಚ್ಚರಿಸಿದ್ದರು. ಕಡಿಮೆ ಮಾಡಲು ನಾವೇನು ಬಿಟ್ಟಿ ಬಿದ್ದಿದ್ದೇವೆಯೇ? ಮಂಡ್ಯದವರು ಬಂದಿದ್ದಾರೆಂದು ಸಮುದ್ರದಾಚೆಗೂ ಗೊತ್ತಾಗಬೇಡವೇ? ಪೂಜೆಯ ನೆತ್ತಿಗೆ ಇನ್ನೊಂದು ಬಿದಿರು ಬಿಗಿಸಿ, ಮದ್ದೂರಿನಿಂದ ತಂದ ಜರಿಯಂಚಿನ ಛತ್ರಿಯೊಂದನ್ನು ಬಿಡಿಸಿ ಸಿಕ್ಕಿಸಿದೆ.

ನಮ್ಮ ಕುಣಿತಗಾರ ನಿಡಘಟ್ಟದ ಬೋರೇಗೌಡ, ನನ್ನ ಜೊತೆ ಓದಿದವನು. ಹಡಗಿಗೆ ಕಾಲಿಟ್ಟ ಕೂಡಲೇ ಅದು ಮೆಲ್ಲಗೆ ಓಲಾಡಿತು. ಬೋರೇಗೌಡ ಹೋಗಿ ಹಾಯಿಕಂಬವನ್ನು ತಬ್ಬಿಕೊಂಡ. ಅವನ ಮುಖ ಹಸಿ ಅವರೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಜನ ಬಂದು ಕೂತಿದ್ದರು, ತಮಟೆ ಕಾದಿತ್ತು, ಅವನು ಮಾತ್ರ ಅಲುಗಲಿಲ್ಲ.

“ಈ ನೆಲ ನಿಂತ್ಕಂಡಾಗ ನಂಗೇಳು, ಕುಣೀತೀನಿ. ಅಲ್ಲೀಗಂಟ ಈ ಕಂಬ ಬುಡಾಕಿಲ್ಲ ಕಣ್ಲಾ,” ಎಂದು ಕಣ್ಣು ಮುಚ್ಚಿದ.

ಹರೆಯದಲ್ಲಿ ನಾನೂ ಪೂಜೆ ಕುಣಿದವನೇ. ಆಗ ಹೊಟ್ಟೆ ಇರಲಿಲ್ಲ, ಈಗ ಇದೆ, ವ್ಯತ್ಯಾಸ ಇಷ್ಟೇ ತಾನೆ! ಸಿಂಬಿ ಕಟ್ಟಿಕೊಂಡೆ. ಜಯಮ್ಮ ಬೇಡವೆಂದು ಕಣ್ಣಲ್ಲೇ ಹೇಳಿದಳು. ನಾನು ಕಣ್ಣಲ್ಲೇ ಕೇಳಿಸಿಕೊಳ್ಳಲಿಲ್ಲ.

ಪೂಜೆ ತಲೆಗೆ ಏರಿತು, ಕುತ್ತಿಗೆ ಹೆಗಲೊಳಗೆ ಇಳಿಯಿತು. ಹಡಗು ಎಡಕ್ಕೆ ಹೋದರೆ ನಾನು ಬಲಕ್ಕೆ, ಹಡಗು ಬಲಕ್ಕೆ ಬಂದರೆ ನಾನು ಎಲ್ಲಿಗೋ! ಭಯವಾಯಿತು. ಕಣ್ಣು ಬಿಗಿಯಾಗಿ ಮುಚ್ಚಿ, ತಾಯಿ, ಅವಳ ತವರು ಉಳಿಸು ಎಂದು ಮೊರೆಯಿಟ್ಟೆ. ಹಡಗು ಒಮ್ಮೆ ಜೋರಾಗಿ ವಾಲಿತು. ಮರುಕ್ಷಣವೇ ಪವಾಡ! ಭಾರವೆಲ್ಲ ಇಳಿದುಹೋಯಿತು.

ಅಮ್ಮ ಒಲಿದಳು ಎಂದು ನನಗೆ ಮೈ ಜುಮ್ಮೆಂದಿತು. ಆಮೇಲೆ ನನ್ನನ್ನು ಹಿಡಿಯುವವರಿಲ್ಲ. ಕೈ ಬಿಟ್ಟು ಕುಣಿದೆ, ಬುಗುರಿಯ ಹಾಗೆ ತಿರುಗಿದೆ, ಹಿಂದಕ್ಕೆ ಬಾಗಿದೆ, ಕರ್ಚೀಫನ್ನು ನೆಲಕ್ಕೆ ಹಾಕಿ ಬಾಯಲ್ಲೇ ಎತ್ತಿದೆ. ಅರೆಗಣ್ಣು ತೆರೆದು ನೋಡಿದರೆ ಜನ ಎದ್ದು ನಿಂತು ಶಿಳ್ಳೆ ಹೊಡೆಯುತ್ತಿದ್ದರು. ಫೋನುಗಳೆಲ್ಲ ನನ್ನ ತಲೆಗಿಂತ ಬಹಳ ಮೇಲಕ್ಕೆ ತಿರುಗಿದ್ದವು. ಪೂಜೆ ಪೂರ್ತಿ ಬರಲಿ ಅಂತಿರಬೇಕು, ಪಾಪ. ತಮಟೆಯವರು ಯಾಕೋ ನಿಲ್ಲಿಸಿದರು. ಬಾರಿಸ್ರಲಾ ಎಂದು ಗದರಿಸಿ ಇನ್ನೊಂದು ಸುತ್ತು ಹಾಕಿದೆ.

ಜಯಮ್ಮ ಬಂದು ನನ್ನ ತೋಳು ಹಿಡಿದಳು.

“ಸಾಕು ಬನ್ನಿ. ಅಮ್ಮ ಅಲ್ಲವ್ಳೆ ನೋಡಿ.”

ಬೆರಳು ತೋರಿದ ಕಡೆ ನೋಡಿದೆ. ನನ್ನ ಛತ್ರಿ ಹಗ್ಗಗಳಿಗೆ ಸಿಕ್ಕಿಕೊಂಡಿತ್ತು. ಪೂಜೆ ಅಲ್ಲಿ ನೇತಾಡುತ್ತ, ಹಡಗಿನ ಓಲಾಟಕ್ಕೆ ಸರಿಯಾಗಿ ತೂಗುತ್ತಿತ್ತು. ತಲೆ ಮುಟ್ಟಿಕೊಂಡೆ. ಬರೀ ಸಿಂಬಿ!

ಹಡಗಿನವರು ಹಗ್ಗ ಹತ್ತಿ ಪೂಜೆಯನ್ನು ಬಿಡಿಸಿ ಇಳಿಸಿದರು. ಬೋರೇಗೌಡ ಒಂದು ಕೈಯಲ್ಲಿ ಕಂಬ ಹಿಡಿದೇ ಅದನ್ನು ಹೆಗಲಿಗೆ ತೆಗೆದುಕೊಂಡ. ಅಮ್ಮ ನೆಲ ಮುಟ್ಟಲಿಲ್ಲ. ಜಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅಣ್ಣನಿಗೆ ಫೋನು ಹಚ್ಚಿದಳು. ಅಮ್ಮ ಚೆನ್ನಾಗಿದ್ದಾಳೆ, ಸಕಾಲಕ್ಕೆ ಇವರ ತಲೆಯಿಂದ ತಪ್ಪಿಸಿಕೊಂಡಳು ಎಂದು ವರದಿ ಒಪ್ಪಿಸಿದಳು.

ಈಚೆಗೆ ಹಡಗಿನ ವ್ಯವಸ್ಥಾಪಕರು ಮತ್ತೆ ಫೋನು ಮಾಡಿದ್ದರು. ಜನ ಅದೇ ಕುಣಿತ ಮತ್ತೊಮ್ಮೆ ಬೇಕೆಂದು ಕೇಳುತ್ತಿದ್ದಾರಂತೆ. ನಾನು ಉಬ್ಬಿಹೋಗಿ, ನಾಳೆಯಿಂದಲೇ ಅಭ್ಯಾಸ ಶುರುಮಾಡುತ್ತೇನೆ ಎಂದೆ.

“ನೀವು ತೊಂದ್ರೆ ತಕೊಳ್ಳೋದು ಬೇಡ ಮಾರಾಯ್ರೇ,” ಎಂದರು ಅವರು. “ಹಗ್ಗ ನಮ್ಮಲ್ಲೇ ಉಂಟು. ಪೂಜೆ ಮಾತ್ರ ಕಳಿಸಿದ್ರೆ ಸಾಕು.”

ಜಯಮ್ಮನ ಅಣ್ಣ ಕೇಳಿದ ಕೂಡಲೇ ಒಪ್ಪಿದ್ದಾನೆ. ನಾನು ಜೊತೆಗೆ ಹೋಗಬಾರದು ಎಂಬುದೊಂದೇ ಅವನ ಷರತ್ತು.